ಜಗ್ಗಿನ ನೀರು ಕೊಡಿ ಸ್ವಾಮಿ: ಹೋಟೆಲ್, ಛತ್ರದವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಹೋಟೆಲ್ ಮಾಲೀಕರು, ಛತ್ರದ ಮ್ಯಾನೇಜರುಗಳು ಮತ್ತು ಅಡುಗೆ ಕಂಟ್ರಾಕ್ಟರುಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಯಾವ ಸಂಘದವನೂ ಅಲ್ಲ, ಹೋರಾಟಗಾರನೂ ಅಲ್ಲ. ನಿಮ್ಮ ಗಿರಾಕಿ, ಅಷ್ಟೇ. 26 ವರ್ಷದಿಂದ ಈ ಊರಲ್ಲಿದ್ದೇನೆ. ಮದುವೆಗೆ ಮುಂಚಿನ ಏಳು ವರ್ಷ ಮೂರು ಹೊತ್ತೂ ನಿಮ್ಮ ಹೋಟೆಲುಗಳಲ್ಲೇ ಉಂಡವನು. ಇಡ್ಲಿ ಸಣ್ಣದಾಯ್ತು, ಕಾಫಿ ಎರಡು ಗುಟುಕಾಯ್ತು, ಸಾಂಬಾರ್ ಎರಡನೇ ಸಲ ಕೇಳಿದರೆ ಮುಖ ನೋಡೋ ಹಾಗಾಯ್ತು. ಆಗೆಲ್ಲ ಪತ್ರ ಬರೆಯಬೇಕು ಅನಿಸಿರಲಿಲ್ಲ. ಈಗ ನೀರಿನ ವಿಷಯಕ್ಕೆ ಬರೆಯುತ್ತಿದ್ದೇನೆ.

ಮೊನ್ನೆ ಭಾನುವಾರ ಅಮ್ಮನನ್ನೂ ಕರೆದುಕೊಂಡು ಮನೆಯವರೆಲ್ಲ ಊಟಕ್ಕೆ ಹೋಗಿದ್ದೆವು. ಯಾವ ಹೋಟೆಲು ಅಂತ ಹೇಳೋದಿಲ್ಲ, ಯಾಕೆಂದರೆ ಇದು ಒಂದು ಹೋಟೆಲಿನ ಕತೆ ಅಲ್ಲ. ನಾವು ಕೂರುವ ಮೊದಲೇ ಮೇಜಿನ ಮೇಲೆ ನಾಲ್ಕು ಬಾಟಲ್ ನಿಂತಿದ್ದವು. ಮೆನು ಇನ್ನೂ ಬಂದಿರಲಿಲ್ಲ, ಹುಡುಗನ ಕೈ ಆಗಲೇ ಒಂದರ ಮುಚ್ಚಳದ ಮೇಲಿತ್ತು. 'ಓಪನ್ ಮಾಡ್ಲಾ ಸರ್?' ಬೇಡ, ಕುಡಿಯೋ ನೀರು ತಗೊಂಡು ಬಾರಪ್ಪ ಅಂದೆ. ಅವನು ಒಂದು ಕ್ಷಣ ನನ್ನನ್ನೇ ನೋಡಿ, ಪಕ್ಕದ ಮೇಜಿಗೂ ಕೇಳೋ ಹಾಗೆ 'ನಾರ್ಮಲ್ಲಾ?' ಅಂದ.

ಆ ಒಂದು ಪದದಲ್ಲಿ ಎಷ್ಟೆಲ್ಲ ಇದೆ ನೋಡಿ. ಅಮ್ಮ ನನ್ನ ತೋಳು ಚಿವುಟಿ, 'ಹೋಗ್ಲಿ ಬಿಡೋ, ನಾಲ್ಕು ಬಾಟಲಿಗೆ ಯಾಕೆ ಮರ್ಯಾದೆ ಕಳ್ಕೊಳ್ತೀಯ' ಅಂದಳು. ಹೇಳಿದ್ದು ಯಾರು ಗೊತ್ತಾ? ಸಾಗರದ ಕಡೆಯ ಹಳ್ಳಿಯಲ್ಲಿ 40 ವರ್ಷ ಬಾವಿಯಿಂದ ನೀರು ಸೇದಿದವಳು. ಮನೆಗೆ ಯಾರೇ ಬಂದರೂ, ಪರಿಚಯದವರೋ ದಾರಿ ತಪ್ಪಿದವರೋ, ಹೆಸರು ಕೇಳೋಕೂ ಮೊದಲು 'ಆಸರಿಗೆ ಏನು ಕೊಡಲಿ', ಅಂದರೆ ಕುಡಿಯೋಕೆ ಏನು ಕೊಡಲಿ ಅಂತ ಕೇಳಿ, ಚೂರು ಬೆಲ್ಲ, ಒಂದು ತಂಬಿಗೆ ನೀರು ತಂದಿಡುತ್ತಿದ್ದವಳು. ಅಂಥವಳಿಗೆ ಇವತ್ತು ನೀರು ಕೇಳೋದು ಜುಗ್ಗತನ ಅಂತ ಅನಿಸುತ್ತಿದೆ ಅಂದರೆ, ಅದನ್ನು ಕಲಿಸಿದ್ದು ನೀವು. ಬೇಜಾರು ಮಾಡಿಕೊಳ್ಳಬೇಡಿ, ಹಾಗೇ ಅನಿಸಿತು, ಹೇಳಿದೆ.

ಹತ್ತು ನಿಮಿಷ ಬಿಟ್ಟು ಜಗ್ಗು ಬಂತು. ಪ್ಲಾಸ್ಟಿಕ್ ಜಗ್ಗು. ಒಳಗೆ ಅಂಚಿನ ಸುತ್ತ ಹಸಿರು ಗೆರೆ, ಹಿಡಿಯ ಸಂದಿಯಲ್ಲಿ ಕಪ್ಪು. ನಾನೂ ಕುಡಿಯಲಿಲ್ಲ. ಬಾಟಲ್ ಒಡೆದೆವು. ಎಂಆರ್‌ಪಿ 20 ಇದ್ದದ್ದಕ್ಕೆ ಬಿಲ್ಲಿನಲ್ಲಿ 40. ಕಾನೂನು ನಿಮ್ಮ ಕಡೆಗಿದೆ ಅಂತ ಗೊತ್ತು, ಹೋಟೆಲಿನಲ್ಲಿ ಕೂರಿಸಿ ಬಡಿಸುವಾಗ ಬಾಟಲ್ ನೀರಿಗೆ ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳಬಹುದು ಅಂತ 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನನ್ನ ತಕರಾರು 40 ರೂಪಾಯಿದಲ್ಲ, ಆ ಹಸಿರು ಗೆರೆಯದು. ಜಗ್ಗು ತೊಳೆಯದೆ ಇಟ್ಟರೆ ಬಾಟಲ್ ತಾನಾಗೇ ಮಾರಾಟ ಆಗುತ್ತೆ, ಅಲ್ವಾ?

ಇನ್ನು ಛತ್ರದವರ ಕಡೆ ಬರುತ್ತೇನೆ. ಹೋದ ವರ್ಷ ಅಕ್ಕನ ಮಗಳ ಮದುವೆ. ಪ್ರತಿ ಎಲೆಯ ಎಡಗಡೆ ಒಂದು ಪುಟ್ಟ ಬಾಟಲ್, 250 ಎಂಎಲ್. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬರುವ ಮೊದಲೇ ಅದು ಹಾಜರು. ಎರಡನೇ ಪಂಕ್ತಿ ಎದ್ದ ಮೇಲೆ ನಾನು ಕೈ ತೊಳೆದು ಅಲ್ಲೇ ನಿಂತೆ. ಎಲೆ ಎತ್ತುವ ಹುಡುಗರು ಮೇಜಿನ ಮೇಲೆ ಹಾಸಿದ ಪೇಪರನ್ನು ಒಂದು ತುದಿಯಿಂದ ಸುತ್ತಿಕೊಂಡು ಬರುತ್ತಾರಲ್ಲ, ಎಲೆ, ಅನ್ನ, ಹೋಳಿಗೆ ಚೂರು, ಬಾಟಲ್ ಎಲ್ಲ ಒಂದೇ ಸುರುಳಿಯಲ್ಲಿ. ಅವರು ಬರುವ ಮೊದಲು ಒಂದು ಸಾಲು ಎಣಿಸಿದೆ. 32 ಎಲೆ. 21 ಬಾಟಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು ಹಾಗೇ ಇತ್ತು. ನಾಲ್ಕರ ಮುಚ್ಚಳವನ್ನೂ ತೆಗೆದಿರಲಿಲ್ಲ. ಹಸು ಸಾಕಿದವರು ಎಲೆ ಒಯ್ಯೋದಿಲ್ವಾ ಅಂತ ಅಲ್ಲಿದ್ದ ಸೂಪರ್‌ವೈಸರನ್ನು ಕೇಳಿದೆ. 'ಮೊದಲು ಬರ್ತಿದ್ರು ಸರ್. ಈಗ ಬಾಟಲ್ ಮುಚ್ಚಳ ಹೊಟ್ಟೆಗೆ ಹೋಗುತ್ತೆ ಅಂತ ಮುಟ್ಟಲ್ಲ' ಅಂದ. ಅಂದರೆ ಬಾಟಲ್ ಬಂದು ನೀರನ್ನಷ್ಟೇ ಅಲ್ಲ, ಎಲೆಯನ್ನೂ ಕಸ ಮಾಡಿತು.

ನಮ್ಮ ಕಡೆ ಮದುವೆಯಲ್ಲಿ ಹುಡುಗರಿಗೆ ಸಿಗುತ್ತಿದ್ದ ಮೊದಲ ಕೆಲಸವೇ ನೀರು ಬಡಿಸೋದು. ಎಂಟು-ಒಂಬತ್ತು ವರ್ಷಕ್ಕೆ ಕೈಗೆ ಜಗ್ಗು ಬರುತ್ತಿತ್ತು. 'ನೀರು ನೀರು ನೀರು' ಅಂತ ಕೂಗಿಕೊಂಡು, ಲೋಟ ತುಂಬಿಸುತ್ತ, ಅಜ್ಜಂದಿರ ಪಂಚೆ ಮೇಲೆ ಒಂದಿಷ್ಟು ಚೆಲ್ಲಿ ಬೈಸಿಕೊಂಡು ಹೋಗಬೇಕು. ಎರಡು ಮದುವೆ ಚೆಲ್ಲದೆ ಬಡಿಸಿದರೆ ಉಪ್ಪಿನಕಾಯಿಗೆ ಬಡ್ತಿ. ಈಗಿನ ಮದುವೆಗಳಲ್ಲಿ ಆ ವಯಸ್ಸಿನ ಮಕ್ಕಳು ಮೂಲೆಯಲ್ಲಿ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಪಾಪ, ಅವರಿಗೆ ಕೊಡೋಕೆ ನಮ್ಮ ಹತ್ತಿರ ಕೆಲಸವೇ ಇಲ್ಲ.

ಸರಿ, ನಿಮ್ಮ ಉತ್ತರವೂ ಗೊತ್ತು. 'ಜನಾನೇ ಕೇಳ್ತಾರೆ ಸರ್, ನಲ್ಲಿ ನೀರು ಕೊಟ್ಟರೆ ಕುಡಿಯಲ್ಲ, ಹೊಟ್ಟೆ ಕೆಟ್ಟರೆ ನಮ್ಮ ಮೇಲೆ ಬರ್ತಾರೆ.' ಈ ಹೆದರಿಕೆಯನ್ನು ನಾನು ಹಗುರ ಮಾಡೋದಿಲ್ಲ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕೆಟ್ಟ ನೀರು ಕುಡಿದು ಜನ ಸತ್ತಿದ್ದಾರೆ. ಪಾವಗಡ, ಕೋಲಾರದ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು, ಮೂಳೆ ಹಾಳಾದವರಿದ್ದಾರೆ. ಅವರ ಮುಂದೆ ನಿಂತು 'ನಲ್ಲಿ ನೀರು ಕುಡಿಯಿರಿ' ಅಂತ ಭಾಷಣ ಮಾಡುವಷ್ಟು ಮೊಂಡ ನಾನಲ್ಲ. ನಾನು ಹೇಳುತ್ತಿರೋದು ಕಾವೇರಿ ನೀರು ಬರುವ ಬೆಂಗಳೂರಿನ ಮಾತು. ಈ ನೀರು ಬರುವ ದಾರಿಯನ್ನಾದರೂ ಒಮ್ಮೆ ನೆನಪಿಸಿಕೊಳ್ಳಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಪಟಿಕ ಹಾಕಿ ಕೆಸರು ಕೂರಿಸಿ, ಮರಳಲ್ಲಿ ಸೋಸಿ, ಕ್ಲೋರಿನ್ ಬೆರೆಸಿ, ಹಾರೋಹಳ್ಳಿ, ತಾತಗುಣಿ ಅಂತ ಹಂತ ಹಂತವಾಗಿ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ತರುತ್ತಾರೆ. 1974ರಲ್ಲಿ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ಐದನೇ ಹಂತ. ಐದನೆಯದರಲ್ಲೇ ದಿನಕ್ಕೆ 775 ದಶಲಕ್ಷ ಲೀಟರ್. ಇಷ್ಟು ಕಷ್ಟಪಟ್ಟು ಶುದ್ಧ ಮಾಡಿ ತಂದ ನೀರಲ್ಲಿ ನಾವು ಪಾತ್ರೆ ತೊಳೆದು, ಕಕ್ಕಸಿಗೆ ಸುರಿದು, ಕುಡಿಯೋಕೆ ಮಾತ್ರ ಅಂಗಡಿಗೆ ಹೋಗುತ್ತೇವೆ.

ಹಾಗಾದರೆ ನೀರು ಕೆಡೋದು ಎಲ್ಲಿ? ಇದನ್ನು ನನ್ನ ಮನೆಯಲ್ಲೇ ನೋಡಿದೆ. ಹಳ್ಳಿ ಮನೆಗಳಿಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯಲ್ಲಿ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸುತ್ತಾರೆ. ಊರಲ್ಲಿ ನಮ್ಮ ಅತ್ತಿಗೆ ಆ ಐವರಲ್ಲಿ ಒಬ್ಬರು. ಹೋದಾಗ ಮೂರು ಚಿಕ್ಕ ಬಾಟಲಿ ಕೊಟ್ಟರು, ಎಚ್‌ಟುಎಸ್ ಬಾಟಲಿ ಅಂತಾರೆ, ಕೆಮ್ಮಿನ ಔಷಧಿ ಶೀಶೆಗಿಂತ ಸಣ್ಣದು. ಗೆರೆ ತನಕ ನೀರು ತುಂಬಿ ಮುಚ್ಚಳ ಹಾಕಿ ಇಟ್ಟುಬಿಡಬೇಕು. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಅದರಲ್ಲಿ ಕೊಳಕು ಸೇರಿದೆ ಅಂತ ಅರ್ಥ. ಬೀದಿಯಿಂದ ನೇರ ಬರುವ ಪೈಪಿನ ನೀರು ಒಂದಕ್ಕೆ, ಮೇಲಿನ ಟ್ಯಾಂಕಿನಿಂದ ಅಡುಗೆಮನೆಗೆ ಬರುವ ನಲ್ಲಿಯದು ಒಂದಕ್ಕೆ, ಆಫೀಸಿನ 20 ಲೀಟರ್ ಕ್ಯಾನಿನ ಕೆಳಗಿರುವ ನಲ್ಲಿಯದು ಇನ್ನೊಂದಕ್ಕೆ ಹಾಕಿ ಫ್ರಿಜ್ಜಿನ ಮೇಲೆ ಸಾಲಾಗಿ ಇಟ್ಟೆ. ಹೆಂಡತಿ ಬೈದಳು, ಅದು ಬೇರೆ ವಿಷಯ. ಎರಡನೇ ದಿನ ಬೆಳಗ್ಗೆ ನೋಡಿದರೆ ಬೀದಿ ಪೈಪಿನದು ಹಾಗೇ ಇದೆ. ಟ್ಯಾಂಕಿನದು ಕಪ್ಪು, ಇಂಗಾಲದ ಹಾಗೆ. ಕ್ಯಾನಿನದೂ ಕಪ್ಪು.

ಕ್ಯಾನಿನ ಕತೆ ಆಫೀಸಿಗೆ ಹೋದ ಮೇಲೆ ಗೊತ್ತಾಯ್ತು. ಆ ಡಿಸ್ಪೆನ್ಸರಿನ ನಲ್ಲಿಯನ್ನು ತಂದ ದಿನದಿಂದ ಯಾರೂ ಬಿಚ್ಚಿ ತೊಳೆದಿರಲಿಲ್ಲ, ಒಳಗೆ ಬೆರಳು ಹಾಕಿದರೆ ಲೋಳೆ. ಟ್ಯಾಂಕಿನ ಕತೆ ಇನ್ನೂ ಚೆಂದ. ಹತ್ತಿ ನೋಡಿದರೆ ಮುಚ್ಚಳ ಒಡೆದಿದೆ, ತಳದಲ್ಲಿ ಬೆರಳುದ್ದ ಕೆಸರು, ಒಂದು ಪಾರಿವಾಳದ ಗರಿ. ಎಂಟು ಮನೆಯವರು ಸೇರಿ ಸಂಪು, ಟ್ಯಾಂಕ್ ಎರಡನ್ನೂ ಉಜ್ಜಿಸಿ, ಬ್ಲೀಚಿಂಗ್ ಹಾಕಿ ತೊಳೆಸಿದೆವು. ಆಮೇಲೆ ತರಿಸಿದ ಬಾಟಲಿ ಕಪ್ಪಾಗಲಿಲ್ಲ. ನೂರು ಕಿಲೋಮೀಟರ್ ಸರಿಯಾಗಿ ಬಂದ ನೀರು ನಮ್ಮ ಮಹಡಿ ಮೇಲೆ ಬಂದು ಕೆಟ್ಟಿತ್ತು. ಬೈಯುತ್ತಿದ್ದದ್ದು ಮಾತ್ರ ನೀರು ಬಿಡುವವರನ್ನು.

ಪೈಪಿನದ್ದು ಏನೂ ತಪ್ಪಿಲ್ಲ ಅಂತ ಹೇಳುತ್ತಿಲ್ಲ. ದಿನ ಬಿಟ್ಟು ದಿನ ನೀರು ಬಿಟ್ಟರೆ ಖಾಲಿ ಪೈಪಿನಲ್ಲಿ ಒತ್ತಡ ಇರೋದಿಲ್ಲ, ಬಿರುಕಿದ್ದ ಕಡೆ ಪಕ್ಕದ ಚರಂಡಿ ನೀರನ್ನೇ ಎಳೆದುಕೊಳ್ಳುತ್ತೆ. ಅದಕ್ಕೇ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ 24 ಗಂಟೆ ನೀರು ಬಿಟ್ಟು ನೋಡಿದ್ದು. ಒಡಿಶಾದ ಪುರಿಯಲ್ಲಿ 2021ರಿಂದ ನಲ್ಲಿಗೆ ಬಾಯಿ ಇಟ್ಟು ಕುಡಿಯಬಹುದು ಅಂತ ಅಲ್ಲಿನ ಸರ್ಕಾರವೇ ಘೋಷಿಸಿದೆ. ನಮ್ಮಲ್ಲೂ ಅದು ಆಗಬೇಕು, ಅದಕ್ಕೆ ಅಧಿಕಾರಿಗಳಿಗೆ ಬೇರೆ ಪತ್ರ ಬರೆಯುತ್ತೇನೆ. ಅಲ್ಲಿಯತನಕ ಒಂದು ಮಾಮೂಲಿ ಫಿಲ್ಟರ್, ಇಲ್ಲಾ ಒಂದು ದೊಡ್ಡ ಕುದಿ, ಸಾಕು. ಕುದಿಸೋಕೆ ನಿಮಗಿಂತ ದೊಡ್ಡ ಒಲೆ ಯಾರ ಹತ್ತಿರ ಇದೆ? ಕೇರಳದಲ್ಲಿ ಸಣ್ಣ ಹೋಟೆಲಿಗೆ ಹೋದರೂ ಗುಲಾಬಿ ಬಣ್ಣದ ಬೆಚ್ಚಗಿನ ನೀರು ಕೇಳದೇ ಬರುತ್ತೆ, ಪದಿಮುಗಂ ಅನ್ನೋ ಮರದ ಚಕ್ಕೆ ಹಾಕಿ ಕುದಿಸಿದ್ದು. ಅಲ್ಲಿ ಯಾರೂ 'ನಾರ್ಮಲ್ಲಾ' ಅಂತ ಕೇಳೋದಿಲ್ಲ.

ಹೆದರಿಕೆ ಹುಟ್ಟಿಸಿದವರಲ್ಲಿ ಇನ್ನೊಬ್ಬರಿದ್ದಾರೆ, ಮನೆಮನೆಗೆ ಬಂದು ನೀರು ಸೋಸುವ ಆರ್‌ಓ ಯಂತ್ರ ಮಾರುವವರು. ನಮ್ಮ ಮನೆಗೂ ಒಬ್ಬ ಬಂದಿದ್ದ. ಎರಡು ಗಾಜಿನ ಲೋಟ, ಒಂದರಲ್ಲಿ ನಲ್ಲಿ ನೀರು, ಒಂದರಲ್ಲಿ ಅವನು ತಂದ ಆರ್‌ಓ ನೀರು. ನಾಲ್ಕು ಕಡ್ಡಿ ಇರುವ ಒಂದು ಯಂತ್ರ ಅದ್ದಿ ಕರೆಂಟ್ ಕೊಟ್ಟ. ನಲ್ಲಿ ನೀರು ನೋಡನೋಡುತ್ತಲೇ ಕಂದಾಗಿ, ಆಮೇಲೆ ಹಸಿರುಗಪ್ಪಾಗಿ ಗಸಿ ನಿಂತಿತು. 'ಇದನ್ನ ಮಗೂಗೆ ಕುಡಿಸ್ತೀರಾ ಮೇಡಂ?' ಹೆಂಡತಿ ಬಾಯಿ ಮೇಲೆ ಕೈ ಇಟ್ಟಳು. ನಿಜ ಏನೆಂದರೆ ಆ ಕಡ್ಡಿಗಳಲ್ಲಿ ಕಬ್ಬಿಣ ಇರುತ್ತೆ. ನೀರಲ್ಲಿ ಉಪ್ಪಿನಂಶ ಇದ್ದರೆ ಕರೆಂಟ್ ಹರಿಯುತ್ತೆ, ಕಬ್ಬಿಣ ಕರಗಿ ತುಕ್ಕಾಗುತ್ತೆ. ಲೋಟದಲ್ಲಿ ಕಾಣುವ ಕೊಳೆ ಕಡ್ಡಿಯದು. ಆರ್‌ಓ ನೀರಲ್ಲಿ ಉಪ್ಪಿನಂಶ ತೀರಾ ಕಮ್ಮಿ, ಅದಕ್ಕೇ ಅದು ತಿಳಿಯಾಗೇ ಉಳಿಯುತ್ತೆ. ನಾನು ಒಳಗಿಂದ ಒಂದು ಚಿಟಿಕೆ ಅಡುಗೆ ಉಪ್ಪು ತಂದು ಅವನ ಆರ್‌ಓ ನೀರಿಗೆ ಹಾಕಿ, ಈಗ ಅದ್ದಪ್ಪ ಅಂದೆ. ಅವನು ವೈರು ಸುತ್ತಿಕೊಂಡು ಹೊರಟ. ಹೋಗುವಾಗ, ನೀರಲ್ಲಿ ಕರಗಿದ ಉಪ್ಪು, ಖನಿಜ ಅಳೆಯುವ ಟಿಡಿಎಸ್ ಮೀಟರ್ ತೋರಿಸಿ 230 ಇದೆ ನೋಡಿ ಸರ್ ಅಂತ ಹೆದರಿಸಿದ. ಕುಡಿಯುವ ನೀರಿಗೆ 500ರ ತನಕ ಇರಬಹುದು ಅಂತ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡವೇ ಹೇಳುತ್ತೆ. ಆ ಮೀಟರನ್ನು ಎಳನೀರಿಗೆ ಅದ್ದಿದರೆ ಸಾವಿರಗಟ್ಟಲೆ ತೋರಿಸುತ್ತೆ, ಎಳನೀರು ವಿಷವಾ? ರೋಗಾಣು ಇದೆಯೋ ಇಲ್ಲವೋ ಅದು ಆ ಮೀಟರಿಗೆ ಗೊತ್ತೇ ಆಗಲ್ಲ.

ಬಾಟಲಿನ ನೀರು ಮಾತ್ರ ಸ್ವರ್ಗದಿಂದ ಇಳಿದದ್ದಾ? ಅದರ ಮೇಲೆ 'ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್' ಅಂತ ಬರೆದಿದ್ದರೆ, ಬೋರ್‌ವೆಲ್ ನೀರನ್ನೇ ಶುದ್ಧ ಮಾಡಿ ತುಂಬಿದ್ದೂ ಆಗಿರಬಹುದು. ಲೇಬಲ್ ಮೇಲಿನ ಬೆಟ್ಟ ಬರೀ ಚಿತ್ರ ಅಷ್ಟೇ. 2024ರ ನವೆಂಬರಿನಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ಈ ನೀರನ್ನು 'ಹೆಚ್ಚು ಅಪಾಯದ ಆಹಾರ'ಗಳ ಪಟ್ಟಿಗೆ ಸೇರಿಸಿತು, ಹಾಲು, ಮಾಂಸ ಇರುವ ಪಟ್ಟಿ ಅದು. ಅಂದರೆ ವಿಷ ಅಂತಲ್ಲ, ವರ್ಷ ವರ್ಷ ತಪಾಸಣೆ ಆಗಲೇಬೇಕು ಅಂತ. ಅದೇ ವರ್ಷ ಜನವರಿಯಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಅಲ್ಲಿನ ಬಾಟಲ್ ನೀರನ್ನು ನೋಡಿದಾಗ ಒಂದು ಲೀಟರಿನಲ್ಲಿ ಸರಾಸರಿ 2 ಲಕ್ಷ 40 ಸಾವಿರ ಪ್ಲಾಸ್ಟಿಕ್ ಕಣ ಸಿಕ್ಕವು. ನಮ್ಮಲ್ಲಿ ಬಾಟಲ್ ಲೋಡು ಬಂದರೆ ಎಲ್ಲಿ ಇಳಿಸುತ್ತೀರಿ? ಛತ್ರದ ಹಿಂದೆ, ಜನರೇಟರ್ ಪಕ್ಕ, ಉರಿಬಿಸಿಲಲ್ಲಿ. ನಾನು ನೋಡಿದ್ದೇನೆ.

ದುಡ್ಡಿನ ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಮನೆಗೆ ಮೊದಲ ಸ್ಲ್ಯಾಬಿನಲ್ಲಿ 1000 ಲೀಟರ್ ಕಾವೇರಿ ನೀರಿಗೆ ಹತ್ತು ರೂಪಾಯಿಯೊಳಗೆ ದರ. ನಿಮಗೆ ಜಾಸ್ತಿ, ಆದರೂ ಲೀಟರಿಗೆ ಪೈಸೆಗಳ ಮಾತು. ಟ್ಯಾಂಕರ್ ತರಿಸಿದರೂ ಅಷ್ಟೇ, 2024ರ ಬರದಲ್ಲಿ ಜಿಲ್ಲಾಡಳಿತ ಗೊತ್ತು ಮಾಡಿದ ದರದಲ್ಲಿ 12,000 ಲೀಟರಿಗೆ 1000 ರೂಪಾಯಿ, ಐದು ಕಿಲೋಮೀಟರ್ ಒಳಗೆ. ಬಾಟಲಿನಲ್ಲಿ ಅದೇ ಒಂದು ಲೀಟರಿಗೆ 20 ರೂಪಾಯಿ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ಬಾಟಲ್ ನೀರಿನ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಇಳಿಯಿತು, ರೈಲಿನಲ್ಲಿ ಸಿಗುವ ರೈಲ್ ನೀರ್ 15ರಿಂದ 14 ಆಯ್ತು. ಎಲ್ಲರೂ ಖುಷಿಪಟ್ಟರು. ನನಗೆ ಸ್ವಲ್ಪ ಹೊಟ್ಟೆ ಚುರುಕ್ ಅಂತು. ರಾಮನವಮಿಗೆ ಬೀದಿ ಬೀದಿಯಲ್ಲಿ ಅರವಟ್ಟಿಗೆ ಇಟ್ಟು ಪುಕ್ಕಟೆ ನೀರು, ಮಜ್ಜಿಗೆ, ಪಾನಕ ಕೊಡುವ ಊರಲ್ಲಿ ನೀರಿಗೆ ಒಂದು ರೂಪಾಯಿ ಇಳಿದದ್ದು ಸುದ್ದಿಯಾಯ್ತಲ್ಲ ಅಂತ.

ಈಗ ಕೇಳಿಕೊಳ್ಳೋದು ಇಷ್ಟು. ಹೋಟೆಲಿನವರು ದಯವಿಟ್ಟು ಆ 'ನಾರ್ಮಲ್ಲಾ' ಅನ್ನೋ ಪ್ರಶ್ನೆಯನ್ನು ನಿಮ್ಮ ಹುಡುಗರ ಬಾಯಿಂದ ತೆಗೆಸಿ. ಗಿರಾಕಿ ಕೂತ ಕೂಡಲೇ ಜಗ್ಗು ಬರಲಿ, ಬಾಟಲ್ ಬೇಕಾದವರು ಕೇಳಿ ತಗೊಳ್ಳಲಿ. ನೀವು ಮಾರಬೇಡಿ ಅನ್ನುತ್ತಿಲ್ಲ, ಮೊದಲೇ ತಂದು ಮೇಜಿನ ಮೇಲೆ ಇಡಬೇಡಿ. ಜಗ್ಗು ಸ್ಟೀಲಿನದಾಗಿರಲಿ, ಬಾಯಿ ಅಗಲ ಇರಲಿ, ಕೈ ಒಳಗೆ ಹೋಗಿ ಉಜ್ಜುವ ಹಾಗಿರಲಿ. ಇನ್ನೊಂದು, ಇದೇ ಮುಖ್ಯ: ಕೈ ತೊಳೆಯುವ ಜಾಗದಲ್ಲಿ ಒಂದು ಸಣ್ಣ ಬೋರ್ಡ್ ಹಾಕಿ. ಕುಡಿಯುವ ನೀರು ಎಲ್ಲಿಂದ, ಕಾವೇರಿಯಾ ಬೋರ್‌ವೆಲ್ಲಾ ಟ್ಯಾಂಕರಾ, ಸಂಪು ಮತ್ತು ಟ್ಯಾಂಕ್ ತೊಳೆಸಿದ್ದು ಯಾವ ತಾರೀಕು, ಫಿಲ್ಟರ್ ಬದಲಿಸಿದ್ದು ಯಾವಾಗ. ಕ್ಯಾಶ್ ಕೌಂಟರಿನ ಹಿಂದೆ ಲೈಸೆನ್ಸಿಗೆ ಫ್ರೇಮ್ ಹಾಕಿಸಿ ತೂಗುಹಾಕುತ್ತೀರಿ, ಅದನ್ನು ಓದುವವರು ಯಾರೂ ಇಲ್ಲ. ಈ ಬೋರ್ಡನ್ನು ಎಲ್ಲರೂ ಓದುತ್ತಾರೆ. ತಾರೀಕು ಹಳೇದಾದರೆ ನಾನೇ ಬಂದು ಕೇಳುತ್ತೇನೆ.

ಛತ್ರದವರು, ಕಂಟ್ರಾಕ್ಟರುಗಳು ಊಟದ ಲೆಕ್ಕದಲ್ಲಿ 'ಎಲೆಗೆ ಇಷ್ಟು, ಬಾಟಲ್ ಸೇರಿ' ಅಂತ ಬರೆಯೋದು ನಿಲ್ಲಿಸಿ. ಬೇಕಾ ಅಂತ ಕೇಳಿ, ಬೇಕು ಅಂದವರಿಗೆ ಬೇರೆ ರೇಟು ಹಾಕಿ. ಹೆಣ್ಣಿನ ಕಡೆಯವರು ತಾವಾಗಿ ಬೇಡ ಅನ್ನೋದು ಕಷ್ಟ, ಬೀಗರು ಏನಂದುಕೊಳ್ತಾರೋ ಅಂತ ಹೆದರುತ್ತಾರೆ. ಆದ್ದರಿಂದ ಪಟ್ಟಿಯಲ್ಲೇ ಇಲ್ಲದಿದ್ದರೆ ಅವರಿಗೂ ಸಲೀಸು. ಬೀಗರಿಗೆ ಹೇಳೋಕೆ ಒಂದು ಮಾತೂ ಇದೆ, ಸರ್ಕಾರಿ ಕಚೇರಿ, ಸಭೆಗಳಲ್ಲಿ ಪ್ಲಾಸ್ಟಿಕ್ ಬಾಟಲ್ ನೀರು ಬೇಡ ಅಂತ 2025ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿಗಳೇ ಸೂಚನೆ ಕೊಟ್ಟಿದ್ದಾರೆ. ಮಂತ್ರಿಗಳಿಗೆ ಆಗುತ್ತೆ ಅಂದರೆ ಬೀಗರಿಗೂ ಆಗುತ್ತೆ.

ಬಡಿಸೋರು ಎಲ್ಲಿದ್ದಾರೆ, ನೀರಿಗೆ ಅಂತ ಇಬ್ಬರನ್ನು ಜಾಸ್ತಿ ಹಾಕಬೇಕಾಗುತ್ತೆ ಅಂತ ಒಬ್ಬ ಕಂಟ್ರಾಕ್ಟರು ನನಗೆ ಹೇಳಿದರು. ಒಪ್ಪಿದೆ, ಅದು ನಿಜವಾದ ಕಷ್ಟ. ಆ ಇಬ್ಬರ ಕೂಲಿಯನ್ನು ಬಿಲ್ಲಿಗೆ ಹಾಕಿ, ಬಾಟಲ್ ದುಡ್ಡಲ್ಲಿ ಅವರ ಕೂಲಿ ಕಳೆದು ಉಳಿಯುತ್ತೆ. ಇಲ್ಲಾಂದ್ರೆ ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತ ನಮ್ಮ ಮಕ್ಕಳಿದ್ದಾರಲ್ಲ.

ಮುಂದಿನ ತಿಂಗಳು ತಂಗಿಯ ಮಗನ ಉಪನಯನ ಇದೆ, 300 ಎಲೆ. ಬಾಟಲ್ ಬೇಡ ಅಂತ ಛತ್ರದಲ್ಲಿ ಹೇಳಿ ಆಯ್ತು. ಮ್ಯಾನೇಜರು ಎರಡು ಸಲ 'ಖಂಡಿತಾನಾ ಸರ್?' ಅಂತ ಕೇಳಿದರು. ಛತ್ರದಲ್ಲಿ ಜಗ್ಗು ಇರಲಿಲ್ಲ. ಪಾತ್ರೆ ಬಾಡಿಗೆಗೆ ಕೊಡುವ ಶಾಮಿಯಾನದವರ ಹತ್ತಿರ ಹೋದೆ. ಅವರು ಏಣಿ ಹಾಕಿ ಅಟ್ಟ ಹತ್ತಿ, ಧೂಳು ಹಿಡಿದ ಗೋಣಿಚೀಲ ಎಳೆದು ಕೆಳಗೆ ಹಾಕಿದರು. ಒಳಗೆ 36 ಸ್ಟೀಲ್ ಜಗ್ಗು, ತಳದಲ್ಲಿ ಅವರ ತಂದೆಯ ಹೆಸರು ಕೊರೆದಿದೆ. 'ಐದಾರು ವರ್ಷ ಆಯ್ತು ಇದನ್ನ ಯಾರಾದ್ರೂ ಕೇಳಿ' ಅಂದರು. ಬಾಡಿಗೆ ಎಷ್ಟು ಅಂದೆ. ರೇಟು ಮರೆತುಹೋಗಿದೆ, ಮೊದಲು ತಗೊಂಡು ಹೋಗಿ, ಆಮೇಲೆ ನೋಡೋಣ ಅಂದರು.

ಇಂತಿ,
ನಿಮ್ಮ ಹೋಟೆಲಿನ ಹಳೇ ಗಿರಾಕಿ